ಕಾಪುವಿನ ದೀಪಸ್ತಂಭ: ಬಂಡೆಯ ಮೇಲೇಕೆ ಕಟ್ಟಿದರು, ಬೆಳಕು ಎಷ್ಟು ದೂರ ಹೋಗುತ್ತದೆ, ಕೆಳಗಿನ ಕಡಲು ಎಂಥದು

ಉಡುಪಿಯಿಂದ ಮಂಗಳೂರಿನ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 13 ಕಿಲೋಮೀಟರ್ ಸಾಗಿದರೆ ಕಾಪು ಪೇಟೆ ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಕಡಲಿನ ದಾರಿ ಹಿಡಿದವರಿಗೆ ಸ್ವಲ್ಪ ಹೊತ್ತಿನಲ್ಲೇ ಮರಳದಂಡೆಯೂ, ಅದರ ಅಂಚಿನ ಬಂಡೆಯ ಮೇಲೆ ಕಪ್ಪು-ಬಿಳಿ ಪಟ್ಟೆಗಳ ಗೋಪುರವೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. 1901ರಲ್ಲಿ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ಈ ದೀಪಸ್ತಂಭವನ್ನು ಊರಿನವರು ಲೈಟ್‌ಹೌಸ್ ಎಂದೇ ಕರೆಯುತ್ತಾರೆ.

ದೇಶದ ದೀಪಸ್ತಂಭಗಳನ್ನು ಪ್ರವಾಸಿ ತಾಣಗಳನ್ನಾಗಿ ಬೆಳೆಸುವ ಕೆಲಸ ಕೆಲವು ವರ್ಷಗಳಿಂದ ಚುರುಕಾಗಿದೆ. 2023ರ ಸೆಪ್ಟೆಂಬರಿನಲ್ಲಿ ಗೋವಾದ ಅಗ್ವಾಡ ಕೋಟೆಯಲ್ಲಿ ಮೊದಲ ದೀಪಸ್ತಂಭ ಉತ್ಸವ ನಡೆಯಿತು. 2024ರ ಫೆಬ್ರವರಿಯಲ್ಲಿ ದೇಶದ 75 ದೀಪಸ್ತಂಭಗಳಲ್ಲಿ ಪ್ರವಾಸಿ ಸೌಲಭ್ಯಗಳನ್ನು ಉದ್ಘಾಟಿಸಲಾಯಿತು. ಹೀಗಾಗಿ, ನಾವಿಕರ ಮತ್ತು ಮೀನುಗಾರರ ಲೋಕಕ್ಕೆ ಸೇರಿದ್ದ ಈ ಕಟ್ಟಡಗಳ ಮೆಟ್ಟಿಲುಗಳನ್ನು ಕಡಲಿನ ಸಂಬಂಧವೇ ಇಲ್ಲದ ಒಳನಾಡಿನ ಕುಟುಂಬಗಳೂ ಈಗ ಹತ್ತುತ್ತಿವೆ. ಹತ್ತಿ ಇಳಿದವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳಿಗೆ ಅಲ್ಲಿನ ಫಲಕಗಳು ಪೂರ್ತಿ ಉತ್ತರ ಕೊಡುವುದಿಲ್ಲ. ಗೋಪುರ ಇಲ್ಲಿಯೇ ಏಕೆ ಇದೆ, ಒಂದು ದೀಪ ಹತ್ತಾರು ಕಿಲೋಮೀಟರ್ ದೂರಕ್ಕೆ ಕಾಣುವುದು ಹೇಗೆ, ಉಪಗ್ರಹಗಳೇ ದಾರಿ ತೋರುವ ಈ ಕಾಲದಲ್ಲಿ ಅದರ ಅಗತ್ಯವಾದರೂ ಏನು ಎಂಬುದನ್ನು ಕಾಪುವನ್ನೇ ಮುಂದಿಟ್ಟುಕೊಂಡು ನೋಡಬಹುದು.

ದೀಪಸ್ತಂಭ ಎಂದರೇನು

ಹಡಗಿನಲ್ಲಿರುವವರಿಗೆ ಎರಡು ಸಂಗತಿಗಳನ್ನು ತಿಳಿಸಲು ಕಟ್ಟಿದ ಎತ್ತರದ ಗುರುತೇ ದೀಪಸ್ತಂಭ. ನೀವು ಈಗ ಎಲ್ಲಿದ್ದೀರಿ ಎಂಬುದು ಮೊದಲನೆಯದು. ಎಲ್ಲಿಗೆ ಬರಬಾರದು ಎಂಬುದು ಎರಡನೆಯದು. ಬಂದರಿನ ಬಾಯಿಯಲ್ಲಿ ನಿಂತ ದೀಪಗಳು ಹಡಗನ್ನು ಒಳಗೆ ಕರೆಯುತ್ತವೆ. ಕಾಪುವಿನಂತೆ ತೆರೆದ ಕರಾವಳಿಯಲ್ಲಿ ನಿಂತ ದೀಪಗಳ ಕೆಲಸ ಬೇರೆ: ದಂಡೆಗೆ ಸಮಾನಾಂತರವಾಗಿ ಸಾಗುವ ಹಡಗಿಗೆ ಅದು ತನ್ನ ಜಾಗವನ್ನು ತಿಳಿಸಿ, ಬಂಡೆಗಳಿಂದ ದೂರವಿರುವಂತೆ ಎಚ್ಚರಿಸುತ್ತದೆ.

ಈ ಎಚ್ಚರಿಕೆ ನಮ್ಮ ಕರಾವಳಿಗೆ ಏಕೆ ಬೇಕಾಯಿತು ಎಂಬುದನ್ನು ಅರಿಯಲು ಹತ್ತೊಂಬತ್ತನೆಯ ಶತಮಾನದ ಕಡಲ ವ್ಯಾಪಾರವನ್ನು ನೆನೆಯಬೇಕು. ಮಂಗಳೂರಿನಿಂದ ಕಾಫಿ, ಮೆಣಸು, ಅಕ್ಕಿ ಹೊರಡುತ್ತಿದ್ದವು. 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹೆಂಚೂ ಅದಕ್ಕೆ ಸೇರಿತು. ದೊಡ್ಡ ಉಗಿಹಡಗುಗಳು ನದಿಮುಖದ ಹಳೆಯ ಬಂದರಿನೊಳಗೆ ಬರಲಾಗದೆ ಆಳದ ನೀರಿನಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು, ಸರಕು ದೋಣಿಗಳಲ್ಲಿ ಅವುಗಳ ಬಳಿಗೆ ಹೋಗುತ್ತಿತ್ತು. ಪತ್ತೆಮಾರಿಗಳೆಂಬ ಹಾಯಿಹಡಗುಗಳಾದರೋ ದಂಡೆಯನ್ನು ನೋಡಿಕೊಂಡೇ ಸಾಗುತ್ತಿದ್ದವು. ಹಗಲಿನಲ್ಲಿ ಗುಡ್ಡ, ಗುಡಿ, ನದಿಯ ಅಳಿವೆ ಇವೆಲ್ಲ ಗುರುತುಗಳು. ರಾತ್ರಿಯಾದರೆ ಕಾರವಾರದಿಂದ ಮಂಗಳೂರಿನವರೆಗೂ ಒಂದೇ ಕಪ್ಪು ಗೆರೆ. ಆ ಗೆರೆಯ ಮೇಲೆ ಒಂದೊಂದಾಗಿ ದೀಪಗಳನ್ನು ಇಡುತ್ತ ಬಂದರು. ಕಾರವಾರದ ಎದುರಿನ ದ್ವೀಪದಲ್ಲಿ 1864ರಲ್ಲಿ, ಭಟ್ಕಳದಲ್ಲಿ 1891ರಲ್ಲಿ, ಕಾಪುವಿನಲ್ಲಿ 1901ರಲ್ಲಿ ದೀಪ ಬಂತು. ಸುರತ್ಕಲ್ಲಿನ ದೀಪಸ್ತಂಭ ಬಹಳ ಈಚಿನದು, ಅದು 1972ರದು. ಮಂಗಳೂರಿನ ಬಾವುಟಗುಡ್ಡೆಯಲ್ಲಿ ಹಳೆಯ ದೀಪಸ್ತಂಭವೊಂದು ಈಗಲೂ ನಿಂತಿದೆ, ಆದರೆ ಹಡಗುಗಳಿಗೆ ದಾರಿ ತೋರುವ ಕೆಲಸ ಅದಕ್ಕಿಲ್ಲ.

ಕಾಪುವಿನಲ್ಲಿ ಗೋಪುರಕ್ಕೆ ಬಂಡೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಮರಳಿನ ಮೇಲೆ ಇಷ್ಟು ಭಾರದ ಕಲ್ಲಿನ ಕಟ್ಟಡ ನಿಲ್ಲದು. ಮೇಲಾಗಿ ಕರಾವಳಿಯ ಮರಳು ಪ್ರತಿ ಮಳೆಗಾಲದಲ್ಲೂ ಜಾಗ ಬದಲಿಸುತ್ತದೆ. ಬಂಡೆ ಹಾಗಲ್ಲ, ಅದು ಒಂದಿಷ್ಟು ಎತ್ತರವನ್ನೂ ಪುಕ್ಕಟೆಯಾಗಿ ಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಡಗಿಗೆ ಅಪಾಯ ಇರುವುದೂ ಬಂಡೆಗಳಿರುವಲ್ಲಿಯೇ. ಮರಳದಂಡೆಯ ಮೇಲೆ ಹತ್ತಿದ ದೋಣಿ ಉಳಿದುಕೊಂಡರೂ ಉಳಿಯಬಹುದು, ಬಂಡೆಗೆ ತಾಗಿದ್ದು ಒಡೆಯುತ್ತದೆ. ಹೀಗಾಗಿ ಗೋಪುರವನ್ನು ಹೊತ್ತ ಬಂಡೆ ಮತ್ತು ಗೋಪುರ ಎಚ್ಚರಿಸುವ ಬಂಡೆ ಒಂದೇ ಕುಟುಂಬದವು. ಬೀಚಿಗೆ ಬಂದವರು ಇದನ್ನು ನೆನಪಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು. ಮುಂದೆ ಈ ಮಾತು ಮತ್ತೆ ಬರುತ್ತದೆ.

ಎತ್ತರ ಏಕೆ ಬೇಕು

ಭೂಮಿ ಗುಂಡಗಿರುವುದೇ ಇದಕ್ಕೆ ಕಾರಣ. ಬೆಳಕು ನೇರವಾಗಿ ಹೋಗುತ್ತದೆ, ಕಡಲಿನ ಮೇಲ್ಮೈ ಬಾಗುತ್ತ ಕೆಳಗಿಳಿಯುತ್ತದೆ. ಆದ್ದರಿಂದ ಎಷ್ಟೇ ಪ್ರಖರವಾದ ದೀಪವಾದರೂ ಒಂದು ದೂರದ ಆಚೆಗೆ ನೀರಿನ ಉಬ್ಬಿನ ಹಿಂದೆ ಮರೆಯಾಗುತ್ತದೆ. ನೀರಂಚಿನಲ್ಲಿ ನಿಂತ ಸಾಮಾನ್ಯ ಎತ್ತರದ ಮನುಷ್ಯನಿಗೆ ಕಡಲು ಮತ್ತು ಆಕಾಶ ಕೂಡುವ ಗೆರೆ, ಅಂದರೆ ದಿಗಂತ, ಇರುವುದು ಐದು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ. ಅಪಾರವೆಂದು ತೋರುವ ಕಡಲಿನಲ್ಲಿ ನಮ್ಮ ನೋಟಕ್ಕೆ ಸಿಗುವ ಪಾಲು ಇಷ್ಟೇ ಎಂದರೆ ಬಹಳ ಮಂದಿ ನಂಬುವುದಿಲ್ಲ.

ದಿಗಂತದ ದೂರವನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ನೀರಿನ ಮಟ್ಟದಿಂದ ಕಣ್ಣಿಗಿರುವ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಉತ್ತರ ಕಿಲೋಮೀಟರಿನಲ್ಲಿ ಬರುತ್ತದೆ. 27 ಮೀಟರ್ ಎತ್ತರಕ್ಕೆ ಅದು ಸುಮಾರು 18.5 ಕಿಲೋಮೀಟರ್. ನೋಡುವವನೂ ಎತ್ತರದಲ್ಲಿದ್ದರೆ ಅವನ ದಿಗಂತದ ದೂರವನ್ನು ಇದಕ್ಕೆ ಕೂಡಿಸಬೇಕು. ನೀರಿನಿಂದ 3 ಮೀಟರ್ ಎತ್ತರದಲ್ಲಿ ಕಣ್ಣಿರುವ ಮೀನುಗಾರನಿಗೆ ಈ ಎತ್ತರದ ದೀಪ 24-25 ಕಿಲೋಮೀಟರ್ ದೂರದಿಂದ ಕಾಣತೊಡಗಿದರೆ, 20 ಮೀಟರ್ ಎತ್ತರದಲ್ಲಿ ನಿಂತ ದೊಡ್ಡ ಹಡಗಿನ ನಾವಿಕನಿಗೆ ಸುಮಾರು 34 ಕಿಲೋಮೀಟರಿನಿಂದಲೇ ಕಾಣುತ್ತದೆ. ಗಾಳಿಯ ಪದರಗಳು ಬೆಳಕನ್ನು ಕೊಂಚ ಬಗ್ಗಿಸುವುದರಿಂದ ನಿಜದಲ್ಲಿ ಈ ದೂರ ಇನ್ನೂ ಸ್ವಲ್ಪ ಹೆಚ್ಚು. ಮಳೆ, ಮಂಜು, ದೂಳು ಇದ್ದರೆ ಬಹಳ ಕಡಿಮೆ. ಲೆಕ್ಕದಲ್ಲಿ ವರ್ಗಮೂಲ ಇರುವುದರಿಂದ ದಿಗಂತವನ್ನು ಎರಡು ಪಟ್ಟು ದೂರ ತಳ್ಳಬೇಕಾದರೆ ಗೋಪುರವನ್ನು ನಾಲ್ಕು ಪಟ್ಟು ಎತ್ತರಿಸಬೇಕು. ಗುಡ್ಡದ ಅಥವಾ ಬಂಡೆಯ ನೆತ್ತಿ ಸಿಕ್ಕರೆ ಕಟ್ಟುವವರಿಗೆ ಎಷ್ಟು ಖರ್ಚು ಉಳಿಯುತ್ತಿತ್ತೆಂಬುದು ಇದರಿಂದ ತಿಳಿಯುತ್ತದೆ.

ಚಿಕ್ಕ ದೀಪ, ದೊಡ್ಡ ಬೆಳಕು

ದೀಪಸ್ತಂಭದ ನಿಜವಾದ ಜಾಣ್ಮೆ ಇರುವುದು ಅದರ ಗಾಜಿನಲ್ಲಿ. ಒಂದು ದೀಪ ತನ್ನ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಮೇಲಕ್ಕೆ ಹೋದದ್ದು ಆಕಾಶಕ್ಕೆ ವ್ಯರ್ಥ, ಕೆಳಕ್ಕೆ ಬಿದ್ದದ್ದು ನೆಲಕ್ಕೆ ವ್ಯರ್ಥ. ಹಡಗಿಗೆ ಬೇಕಾಗಿರುವುದು ದಿಗಂತದ ಕಡೆಗೆ ಹೋಗುವ ತೆಳ್ಳನೆಯ ಪದರ ಮಾತ್ರ. ಮೊದಲು ದೀಪದ ಹಿಂದೆ ಹೊಳಪಿನ ಲೋಹದ ಕನ್ನಡಿಗಳನ್ನಿಟ್ಟು ಬೆಳಕನ್ನು ತಿರುಗಿಸುತ್ತಿದ್ದರು. ಕನ್ನಡಿ ಬೆಳಕಿನ ದೊಡ್ಡ ಪಾಲನ್ನು ತಾನೇ ನುಂಗುತ್ತಿತ್ತು. ಅದರ ಬದಲು ಉಬ್ಬಿದ ಗಾಜು, ಅಂದರೆ ಪೀನಮಸೂರ, ಬಳಸಬಹುದಲ್ಲವೇ ಎಂದರೆ, ದೀಪಸ್ತಂಭಕ್ಕೆ ಬೇಕಾದ ಗಾತ್ರದಲ್ಲಿ ಅದನ್ನು ಎರಕ ಹೊಯ್ದರೆ ಮಣಗಟ್ಟಲೆ ತೂಗುವ ಗಾಜಿನ ಗಡ್ಡೆಯಾಗುತ್ತದೆ, ಅದರ ದಪ್ಪದಲ್ಲೇ ಬೆಳಕು ಸೊರಗುತ್ತದೆ.

ಇದನ್ನು ಬಿಡಿಸಿದವನು ಅಗಸ್ಟಿನ್ ಫ್ರೆನೆಲ್ ಎಂಬ ಫ್ರೆಂಚ್ ಎಂಜಿನಿಯರ್. ಬೆಳಕು ಬಾಗುವುದು ಗಾಜಿನ ಮೇಲ್ಮೈಯಲ್ಲಿ. ಒಳಗಿನ ದಪ್ಪಕ್ಕೆ ಅದರಲ್ಲಿ ಪಾತ್ರವಿಲ್ಲ. ಹಾಗಾದರೆ ದಪ್ಪವನ್ನು ತೆಗೆದುಹಾಕಿ, ಮೇಲ್ಮೈಯ ಇಳಿಜಾರುಗಳನ್ನಷ್ಟೇ ಉಳಿಸಿಕೊಂಡು, ಅವನ್ನು ಒಂದರ ಸುತ್ತ ಒಂದರಂತೆ ಬಳೆಯಾಕಾರದಲ್ಲಿ ಜೋಡಿಸಿದರಾಯಿತು ಎಂಬುದು ಅವನ ಯೋಚನೆ. ನಡುವೆ ಚಿಕ್ಕ ಮಸೂರ, ಅದರ ಸುತ್ತ ಗಾಜಿನ ಪಟ್ಟಕಗಳ ಉಂಗುರಗಳು, ಒಂದೊಂದರ ಓರೆಯೂ ಬೇರೆ ಬೇರೆ. ದೀಪದಿಂದ ಯಾವ ಕೋನದಲ್ಲಿ ಹೊರಟ ಬೆಳಕನ್ನಾದರೂ ಅವು ದಿಗಂತದ ಕಡೆಗೇ ಕಳಿಸುವಂತೆ ಲೆಕ್ಕಹಾಕಿ ಕಡೆದಂಥವು. 1823ರಲ್ಲಿ ಫ್ರಾನ್ಸಿನ ಕೋರ್ದುವಾನ್ ದೀಪಸ್ತಂಭದಲ್ಲಿ ಇದನ್ನು ಮೊದಲು ಅಳವಡಿಸಿದರು. ಫ್ರೆನೆಲ್ ನಾಲ್ಕು ವರ್ಷದ ನಂತರ, ನಲವತ್ತು ತುಂಬುವ ಮುನ್ನವೇ ತೀರಿಕೊಂಡ. ಅವನ ಹೆಸರಿನ ಮಸೂರ ಮಾತ್ರ ಲೋಕದ ದೀಪಸ್ತಂಭಗಳನ್ನೆಲ್ಲ ಸೇರಿತು.

ವಿದ್ಯುತ್ತು ಬರುವ ಮುನ್ನ ಈ ಗಾಜಿನ ನಡುವೆ ಉರಿಯುತ್ತಿದ್ದದ್ದು ಎಣ್ಣೆಯ ದೀಪ. ಮೊದಲು ಬತ್ತಿ, ಮುಂದೆ ಸೀಮೆಎಣ್ಣೆಯನ್ನು ಆವಿಯಾಗಿಸಿ ಜಾಲರಿಯನ್ನು ಬೆಳಗಿಸುವ ದೀಪ. ನಮ್ಮ ಜಾತ್ರೆ-ಮದುವೆಗಳಲ್ಲಿ ಹಿಂದೆ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್ ಇದೇ ತತ್ತ್ವದ್ದು. ಇಡೀ ಮಸೂರವನ್ನು ದೀಪದ ಸುತ್ತ ತಿರುಗಿಸಲು ದೊಡ್ಡ ಗಡಿಯಾರದಂಥ ಯಂತ್ರ ಇರುತ್ತಿತ್ತು. ಗೋಪುರದ ನಡುವಿನ ಪೊಳ್ಳಿನಲ್ಲಿ ಒಂದು ತೂಕ ಮೆಲ್ಲಗೆ ಕೆಳಗಿಳಿಯುತ್ತ ಅದನ್ನು ನಡೆಸುತ್ತಿತ್ತು. ತೂಕ ತಳ ಮುಟ್ಟುವ ಮೊದಲೇ ಸಿಬ್ಬಂದಿ ಕೀಲಿ ತಿರುಗಿಸಿ ಅದನ್ನು ಮೇಲೆತ್ತಬೇಕಿತ್ತು, ರಾತ್ರಿಯಿಡೀ. ಹಲವು ದೀಪಸ್ತಂಭಗಳಲ್ಲಿ ಭಾರದ ಮಸೂರವನ್ನು ಪಾದರಸದ ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದರು. ಆಗ ಟನ್ನುಗಟ್ಟಲೆ ಭಾರವನ್ನೂ ಕೈಬೆರಳಿನಿಂದ ತಳ್ಳಬಹುದಿತ್ತು. ಹಗಲಿನಲ್ಲಿ ದೀಪದ ಕೋಣೆಗೆ ಪರದೆ ಎಳೆಯುತ್ತಿದ್ದದ್ದು ಗಾಜಿಗೆ ದೂಳು ಕೂರದಿರಲಿ ಎಂದಷ್ಟೇ ಅಲ್ಲ. ಒಳಗಿನ ಬೆಳಕನ್ನು ಹೊರಗೆ ಕಳಿಸುವ ಮಸೂರ ಹೊರಗಿನ ಬಿಸಿಲನ್ನು ಒಳಗೂ ಕೂಡಿಹಾಕುತ್ತದೆ. ಪರದೆಯಿಲ್ಲದಿದ್ದರೆ ಸೂರ್ಯನೇ ದೀಪದ ಕೋಣೆಗೆ ಬೆಂಕಿ ಹಚ್ಚಬಲ್ಲ.

ದೀಪಕ್ಕೂ ಹೆಸರುಂಟು

ರಾತ್ರಿಯಲ್ಲಿ ದೂರದಿಂದ ಬರುವ ಬಸ್ಸಿನ ದೀಪ ಕಂಡ ಮಾತ್ರಕ್ಕೆ ಅದು ನಮ್ಮ ಊರಿನ ಬಸ್ಸೆಂದು ಹೇಳಲಾಗದು, ಬೋರ್ಡು ಓದಬೇಕು. ಕಡಲಿನಲ್ಲಿಯೂ ದಂಡೆಯಲ್ಲೊಂದು ಬೆಳಕು ಕಂಡರೆ ಸಾಲದು. ಅದು ಯಾವ ದೀಪಸ್ತಂಭ ಎಂದು ತಿಳಿಯದಿದ್ದರೆ ಆ ಬೆಳಕೇ ದಾರಿ ತಪ್ಪಿಸುತ್ತದೆ. ಆದ್ದರಿಂದ ಪ್ರತಿ ದೀಪಸ್ತಂಭಕ್ಕೂ ತನ್ನದೇ ಮಿನುಗಿನ ಲಯವನ್ನು ಗೊತ್ತುಮಾಡಿರುತ್ತಾರೆ. ಒಂದು ಇಷ್ಟು ಸೆಕೆಂಡಿಗೊಮ್ಮೆ ಮಿಂಚಿದರೆ, ಪಕ್ಕದ್ದು ಎರಡು ಬಾರಿ ಬೆನ್ನುಬೆನ್ನಿಗೆ ಮಿಂಚಿ ಸುಮ್ಮನಾಗುತ್ತದೆ, ಇನ್ನೊಂದು ಮೂರು ಬಾರಿ. ಒಂದೇ ಕರಾವಳಿಯಲ್ಲಿ ಅಕ್ಕಪಕ್ಕದ ದೀಪಗಳ ಲಯ ಒಂದೇ ಆಗದಂತೆ ನೋಡಿಕೊಳ್ಳುತ್ತಾರೆ. ಈ ಲಯಗಳನ್ನು ದೀಪಗಳ ಪಟ್ಟಿಯಲ್ಲೂ ಕಡಲ ನಕ್ಷೆಗಳಲ್ಲೂ ಮುದ್ರಿಸಿರುತ್ತಾರೆ. ಭಾರತದ ಕಡಲ ನಕ್ಷೆಗಳನ್ನು ತಯಾರಿಸುವುದು ಕಡಲಿನಿಂದ ಬಲು ದೂರದ ಡೆಹರಾಡೂನಿನಲ್ಲಿರುವ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿ.

ಮಿಂಚಿದಂತೆ ಕಾಣುವ ದೀಪ ನಿಜವಾಗಿ ಆರಿ ಹತ್ತಬೇಕೆಂದೇನಿಲ್ಲ. ತಿರುಗುವ ಮಸೂರದೊಳಗೆ ದೀಪ ಒಂದೇ ಸಮನೆ ಉರಿಯುತ್ತಿರುತ್ತದೆ. ಗಾಜಿನ ಪ್ರತಿ ಫಲಕದಿಂದಲೂ ಒಂದು ಬೆಳಕಿನ ಕೋಲು ಹೊರಟು ಕಡಲಿನ ಮೇಲೆ ಸುತ್ತುತ್ತದೆ. ಅದು ನಮ್ಮ ಕಣ್ಣನ್ನು ಹಾದುಹೋದ ಗಳಿಗೆಯಷ್ಟೇ ನಮಗೆ ಮಿಂಚು. ನಾಲ್ಕು ಫಲಕಗಳ ಮಸೂರ 40 ಸೆಕೆಂಡಿಗೊಂದು ಸುತ್ತು ಹಾಕಿದರೆ 10 ಸೆಕೆಂಡಿಗೊಂದು ಮಿಂಚು. ಮಸೂರವೇ ತಿರುಗದೆ ಎಲ್‌ಇಡಿ ದೀಪವೇ ಹತ್ತಿ ಆರುವ ಏರ್ಪಾಡೂ ಈಗ ಉಂಟು. ಕಾಪುವಿನಲ್ಲಿ ಕತ್ತಲಾಗುವವರೆಗೆ ಉಳಿದವರು ಗಡಿಯಾರ ಹಿಡಿದು, ಒಂದು ಸರಣಿಯ ಮೊದಲ ಮಿಂಚಿನಿಂದ ಮುಂದಿನ ಸರಣಿಯ ಮೊದಲ ಮಿಂಚಿನವರೆಗೆ ಎಷ್ಟು ಸೆಕೆಂಡು ಎಂದು ಎಣಿಸಬಹುದು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಹಗಲಿನ ಗುರುತು ಬಣ್ಣ. ಕಡಲಿನಿಂದ ನೋಡಿದರೆ ನಮ್ಮ ದಂಡೆ ತೆಂಗಿನ ಹಸಿರಿನ ಒಂದೇ ಸಾಲು. ಬಿಳಿಯ ಗೋಪುರ ಮಾತ್ರವಾದರೆ ಮಬ್ಬಿನ ಆಕಾಶದಲ್ಲಿ ಕರಗಿಹೋಗಬಹುದು, ಕಪ್ಪು ಮಾತ್ರವಾದರೆ ಮರಗಳ ನೆರಳಿನಲ್ಲಿ. ಅಡ್ಡಪಟ್ಟೆಗಳು ಎರಡಕ್ಕೂ ಎದ್ದು ತೋರುತ್ತವೆ. ಅಲಂಕಾರ ಎಂದು ತೋರುವ ಕಾಪುವಿನ ಪಟ್ಟೆಗಳೂ ಹೀಗೆ ಒಂದು ಕೆಲಸದ ಮೇಲಿವೆ.

ಜಿಪಿಎಸ್ ಇರುವಾಗ ಇದೆಲ್ಲ ಏಕೆ

ಇಂದು ಆಳಕಡಲಿಗೆ ಹೋಗುವ ಮೀನುಗಾರಿಕೆ ದೋಣಿಗಳಲ್ಲಿಯೂ ಜಿಪಿಎಸ್ ಇದೆ. ಆದರೆ ಉಪಗ್ರಹದಿಂದ ಬರುವ ಸಂಕೇತ ಬಹಳ ದುರ್ಬಲ. ಅದನ್ನು ಅಡ್ಡಿಪಡಿಸಬಹುದು, ಸುಳ್ಳು ಸಂಕೇತ ಕಳಿಸಿ ವಂಚಿಸಲೂಬಹುದು. ಬ್ಯಾಟರಿ ತೀರುತ್ತದೆ, ಉಪಕರಣಕ್ಕೆ ಉಪ್ಪುನೀರು ಹೊಗುತ್ತದೆ. ಹಾಗಾದಾಗ ಯಾವ ಯಂತ್ರದ ನೆರವೂ ಇಲ್ಲದೆ ಬರಿಗಣ್ಣಿಗೆ ಸಿಗುವ ಗುರುತೊಂದು ಬೇಕು. ಯಂತ್ರ ತೋರಿಸುತ್ತಿರುವ ಜಾಗ ಸರಿಯೇ ಎಂದು ತಾಳೆ ನೋಡಲೂ ಅದು ಬೇಕು. ಜೊತೆಗೆ, ಎತ್ತರದ ಗೋಪುರಗಳಿಗೆ ಹೊಸ ಕೆಲಸಗಳೂ ಸೇರಿಕೊಂಡಿವೆ. 2008ರ ಮುಂಬೈ ದಾಳಿಯ ನಂತರ ಕರಾವಳಿಯ ಕಾವಲು ಬಿಗಿಯಾದಾಗ, ಹಡಗುಗಳು ಕಳಿಸುವ ಗುರುತಿನ ಸಂಕೇತಗಳನ್ನು ಹಿಡಿಯುವ ಉಪಕರಣಗಳನ್ನೂ ರಾಡಾರುಗಳನ್ನೂ ದೇಶದ ಅನೇಕ ದೀಪಸ್ತಂಭಗಳಲ್ಲಿ ಇರಿಸಲಾಯಿತು.

ಇವುಗಳ ಉಸ್ತುವಾರಿ ಕೇಂದ್ರದ ಬಂದರು, ಹಡಗು ಮತ್ತು ಜಲಮಾರ್ಗ ಸಚಿವಾಲಯದಡಿಯ ದೀಪಸ್ತಂಭ ನಿರ್ದೇಶನಾಲಯದ್ದು. 1927ರ ಕಾಯ್ದೆ ತೊಂಬತ್ತಕ್ಕೂ ಹೆಚ್ಚು ವರ್ಷ ನಡೆದು, 2021ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ಖರ್ಚಿಗಾಗಿ, ನಮ್ಮ ಬಂದರುಗಳಿಗೆ ಬರುವ ಹಡಗುಗಳಿಂದ ದೀಪಶುಲ್ಕ ವಸೂಲು ಮಾಡುತ್ತಾರೆ.

ಗೋಪುರದ ಕೆಳಗಿನ ಕಡಲು

ಇನ್ನು ಬೀಚಿನ ಮಾತು. ಕಾಪುವಿನ ಅಂದವೆಲ್ಲ ಬಂಡೆಗಳಿಂದಲೇ ಬಂದದ್ದು. ಎಚ್ಚರವೂ ಅವುಗಳ ಕಾರಣದಿಂದಲೇ ಬೇಕು. ದಂಡೆಗೆ ಬರುವ ಅಲೆಗಳು ನೀರನ್ನು ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ಎಲ್ಲಾದರೂ ಹಿಂದಿರುಗಬೇಕು. ಅದು ದಂಡೆಯುದ್ದಕ್ಕೂ ಸಮನಾಗಿ ಹಿಂದಿರುಗದೆ, ತಗ್ಗಾಗಿರುವ ಒಂದು ಕಾಲುವೆಯನ್ನು ಹುಡುಕಿಕೊಂಡು ರಭಸದಿಂದ ಒಳಕಡಲಿಗೆ ನುಗ್ಗುತ್ತದೆ. ದಂಡೆಗುಂಟ ಹರಿದುಬಂದ ನೀರಿಗೆ ಬಂಡೆ ಅಡ್ಡ ಬಂದರೆ, ಅದು ಬಂಡೆಯ ಬದಿಯಲ್ಲೇ ತಿರುಗಿ ಹೊರಗೆ ಹೋಗುತ್ತದೆ. ಈ ಸೆಳೆತ ಇರುವಲ್ಲಿ ಅಲೆಗಳು ಕಡಿಮೆ ಒಡೆಯುವುದರಿಂದ ನೀರು ಶಾಂತವಾಗಿ ಕಾಣುತ್ತದೆ. ಅಲೆಯಿಲ್ಲದ ಜಾಗವೆಂದು ಹೊಸಬರು ಆರಿಸಿಕೊಳ್ಳುವುದೂ ಅದನ್ನೇ. ಸೆಳೆತಕ್ಕೆ ಸಿಕ್ಕವರು ದಂಡೆಯ ಕಡೆಗೆ ನೇರವಾಗಿ ಈಜಿ ಗೆಲ್ಲಲಾರರು, ದಣಿದು ಮುಳುಗುತ್ತಾರೆ. ಸೆಳೆತದ ಹರಿವು ಅಗಲದಲ್ಲಿ ಚಿಕ್ಕದು. ಆದ್ದರಿಂದ ದಂಡೆಗೆ ಸಮಾನಾಂತರವಾಗಿ, ಬಂಡೆಯಿಂದ ದೂರದ ದಿಕ್ಕಿಗೆ ಈಜಿ ಅದರಿಂದ ಹೊರಬಂದು, ನಂತರ ಅಲೆಗಳ ಜೊತೆಗೆ ದಡ ಸೇರಬೇಕು. ಈಜು ಬಾರದವರು ತೇಲುತ್ತ ಉಳಿದು ಕೈಯೆತ್ತಿ ಕೂಗಬೇಕು. ಇವೆಲ್ಲಕ್ಕಿಂತ, ಬಂಡೆಯ ಹತ್ತಿರ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಯದಿರುವುದು ಸುಲಭ.

ಬಂಡೆಗಳ ಮೇಲೆ ನಿಂತು ಚಿತ್ರ ತೆಗೆಯುವವರಿಗೂ ಒಂದು ಮಾತು ಬೇಕು. ನೀರು ತಾಗುವ ಬಂಡೆಯ ಮೇಲೆ ಪಾಚಿ ಕಟ್ಟಿರುತ್ತದೆ. ಅಲೆಗಳೆಲ್ಲ ಒಂದೇ ಗಾತ್ರದವಲ್ಲ. ಹತ್ತಾರು ಸಣ್ಣ ಅಲೆಗಳ ನಂತರ ದೊಡ್ಡದೊಂದು ಬರುವುದು ಕಡಲಿನ ಸಹಜ ನಡತೆ. ಉಬ್ಬರವಿಳಿತದ ಲೆಕ್ಕವೂ ಇದೆ: ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಇಳಿತದಲ್ಲಿ ಒಣಕಾಲಿನಲ್ಲಿ ದಾಟಿಹೋದ ಬಂಡೆಯಿಂದ ಮರಳುವಷ್ಟರಲ್ಲಿ ನಡುವೆ ನೀರು ತುಂಬಿರಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಬೇರೆಯೇ ಕಡಲು. ಮುಂಗಾರಿನ ದೊಡ್ಡ ಅಲೆಗಳು ದಂಡೆಯ ಮರಳನ್ನು ಎಳೆದೊಯ್ದು ಒಳಗೆ ದಿಬ್ಬ ಕಟ್ಟುತ್ತವೆ, ಬೀಚು ಕಿರಿದಾಗುತ್ತದೆ. ಮಳೆ ಕಳೆದ ಮೇಲೆ ಮಂದವಾದ ಅಲೆಗಳು ಅದೇ ಮರಳನ್ನು ಮೆಲ್ಲಗೆ ಹಿಂದಕ್ಕೆ ತರುತ್ತವೆ. ಮಳೆಗಾಲದಲ್ಲಿ ನೋಡಿದ ದಂಡೆ ಡಿಸೆಂಬರಿನಲ್ಲಿ ಗುರುತು ಸಿಗದಷ್ಟು ಬದಲಾಗಿರುವುದು ಈ ಕಾರಣಕ್ಕೆ. ಯಂತ್ರದ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯ ನಿಷೇಧ ಇರುತ್ತದೆ. ಕಡಲಿನಲ್ಲೇ ಹುಟ್ಟಿ ಬೆಳೆದ ಮೊಗವೀರರು ಕೂಡ ಕಡಲಿನ ಬಣ್ಣ ನೋಡದೆ ನಾಡದೋಣಿ ಇಳಿಸದ ಆ ತಿಂಗಳುಗಳಲ್ಲಿ, ಪ್ರವಾಸಿಗರು ದಡದಿಂದಲೇ ನೋಡುವುದು ಲೇಸು.

ಹೋಗುವವರಿಗೆ

ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತವಾದದ್ದು. ಉಡುಪಿ-ಮಂಗಳೂರು ನಡುವಿನ ಬಸ್ಸುಗಳು ಕಾಪುವಿನಲ್ಲಿ ನಿಲ್ಲುತ್ತವೆ. ಪೇಟೆಯಿಂದ ಬೀಚಿಗೆ ರಿಕ್ಷಾ ಸಿಗುತ್ತದೆ. ರೈಲಿನಲ್ಲಿ ಬರುವವರು ಕೊಂಕಣ ರೈಲ್ವೆಯ ಉಡುಪಿ ಅಥವಾ ಪಡುಬಿದ್ರಿಯಲ್ಲಿ ಇಳಿಯಬಹುದು. ಕಾಪುವಿನ ಮಾರಿಗುಡಿಗಳು ಪೇಟೆಯ ಹತ್ತಿರವೇ ಇವೆ. ನೀರಿಗಿಳಿಯುವ ಆಸೆ ಇದ್ದವರಿಗೆ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆಯನ್ನು 2020ರಲ್ಲಿ ಪಡೆದ ಪಡುಬಿದ್ರಿಯ ಬೀಚು ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿದೆ.

ದೀಪಸ್ತಂಭದ ಒಳಗೆ ಸಾಮಾನ್ಯವಾಗಿ ಸಂಜೆಯ ಸೀಮಿತ ಅವಧಿಯಲ್ಲಿ ಮಾತ್ರ, ಟಿಕೆಟ್ ಕೊಟ್ಟು ಬಿಡುತ್ತಾರೆ. ಸಮಯ ಬದಲಾಗುವುದುಂಟು, ಆದ್ದರಿಂದ ಹೊರಡುವ ಮೊದಲು ವಿಚಾರಿಸಬೇಕು. ಒಳಗಿನದು ಸುರುಳಿ ಮೆಟ್ಟಿಲು. ಮೇಲೆ ಹೋದಂತೆ ಇಕ್ಕಟ್ಟಾಗುವುದರಿಂದ ಮಂಡಿನೋವಿನವರು, ತಲೆಸುತ್ತು ಬರುವವರು ಕೆಳಗೆ ಬಂಡೆಯ ಬುಡದಲ್ಲಿ ಕುಳಿತರೂ ನಷ್ಟವಿಲ್ಲ. ಮೇಲಿನ ಗ್ಯಾಲರಿಯಲ್ಲಿ ಗಾಳಿ ಜೋರು. ಟೋಪಿ, ಮೊಬೈಲು, ಚಿಕ್ಕ ಮಕ್ಕಳ ಕೈ ಇವನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಸೂರ್ಯಾಸ್ತವನ್ನು ಮೇಲಿನಿಂದಲೇ ನೋಡಬೇಕೆಂಬ ಆಸೆ ಎಲ್ಲ ಕಾಲದಲ್ಲೂ ಈಡೇರದು. ಈ ಭಾಗದಲ್ಲಿ ಸೂರ್ಯ ಮುಳುಗುವುದು ನವೆಂಬರ್ ಕೊನೆಯಲ್ಲಿ ಸುಮಾರು 6 ಗಂಟೆಗಾದರೆ ಜೂನಿನಲ್ಲಿ 7ರ ಹೊತ್ತಿಗೆ. ಬೇಸಿಗೆಯಲ್ಲಿ ಬಾಗಿಲು ಅದಕ್ಕೂ ಮೊದಲೇ ಮುಚ್ಚಿರಬಹುದು.